ಹೊಸ ವಹಿ ತೆರೆಯಿರಿ, ಬಾಕಿ ಎಳೆದು ಬರೆಯಿರಿ

ದೀಪಾವಳಿ ಪಾಡ್ಯಕ್ಕೆ ಹೊಸ ವಹಿ ಪೂಜೆ ಮಾಡುವ ಪದ್ಧತಿ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಪೇಟೆಗಳಿಗೆ ಹೊಸದೇನಲ್ಲ. ಕುಂಕುಮ ಹಚ್ಚಿ, ಶ್ರೀಕಾರ ಬರೆದ ಮೇಲೆ ವ್ಯಾಪಾರಸ್ಥ ಮೊದಲು ಮಾಡುವ ಕೆಲಸವೆಂದರೆ ಹಳೆ ವಹಿಯ ಬಾಕಿಯನ್ನು ಹೊಸದಕ್ಕೆ ಎಳೆದು ಬರೆಯುವುದು. ಹಳೇ ವಹಿ ಒಲೆಗೆ ಹಾಕಿ ಹೊಸದು ತೆರೆದವನನ್ನು ಪೇಟೆ ದಿವಾಳಿ ತೆಗೆದವನೆಂದೇ ಕರೆದೀತು.

ಇಮೇಲ್ ಮತ್ತು ಮೊಬೈಲಿನ ಹೆಸರು-ನಂಬರ ಪಟ್ಟಿಯ ವಿಷಯಕ್ಕೆ ಬಂದರೆ ಮಾತ್ರ ಈ ಜಾಣತನ ನಮ್ಮ ಜನರಲ್ಲಿ ಕಾಣುವುದಿಲ್ಲ. ಪಾಸ್‌ವರ್ಡ್ ಮರೆತರೆ ಒಂದು ಹೊಸ ಇಮೇಲ್. ಹೊಸ ಫೋನ್ ಕೊಂಡರೆ ಅಂಗಡಿ ಹುಡುಗ ತೆರೆದು ಕೊಟ್ಟದ್ದು ಇನ್ನೊಂದು. ಜಾಗ ತುಂಬಿತೆಂದರೆ ಮತ್ತೊಂದು. ಜಿಮೇಲಿನವರು ಪುಕ್ಕಟೆ ಕೊಡುವ 15 ಜಿಬಿ ಜಾಗ ಪತ್ರಗಳಿಗಷ್ಟೇ ಅಲ್ಲ, ಫೋಟೊ ಮತ್ತು ಡ್ರೈವಿಗೂ ಸೇರಿಯೇ ಇದೆ. ಮದುವೆ, ಜಾತ್ರೆಯ ವಿಡಿಯೊ ಅಳಿಸಿದರೆ ಸಾಕಾಗುವ ಕಡೆ ನಾವು ವಿಳಾಸವನ್ನೇ ಬಿಟ್ಟು ಹೊರಡುತ್ತೇವೆ.

ಗಡಿಭಾಗದಲ್ಲಿ ಈ ತೊಡಕು ಇಮ್ಮಡಿ. ಹಿಂದೆ ರಾಜ್ಯದ ಗಡಿ ದಾಟಿದರೆ ರೋಮಿಂಗ್ ಹಣ ಬೀಳುತ್ತಿತ್ತು; ಅದಕ್ಕೇ ಒಬ್ಬೊಬ್ಬರ ಕಿಸೆಯಲ್ಲೂ ಮಹಾರಾಷ್ಟ್ರದ್ದೊಂದು, ಕರ್ನಾಟಕದ್ದೊಂದು ಸಿಮ್. ಹೀಗಾಗಿ ಪಟ್ಟಿಯಲ್ಲಿ ಒಬ್ಬನೇ ಮನುಷ್ಯ ಮೂರು ಕಡೆ ಕೂತಿರುತ್ತಾನೆ: ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ. ಒಂದು ಲಿಪಿಯಲ್ಲಿ ಹುಡುಕಿದರೆ ಇನ್ನೊಂದು ಲಿಪಿಯಲ್ಲಿ ಬರೆದದ್ದು ಸಿಗುವ ಖಾತ್ರಿಯಿಲ್ಲ. ಸಾಲದ್ದಕ್ಕೆ ಊರುಗಳ ಹೆಸರೂ ಬದಲಾದವು. 2014ಕ್ಕಿಂತ ಮುಂಚೆ ಬರೆದುಕೊಂಡವರ ಬಳಿ ಬಿಜಾಪುರ, ಆಮೇಲಿನವರ ಬಳಿ ವಿಜಯಪುರ.

“ಅಲ್ರೀ, ಎಲ್ಲಾ ಕಸ ಆಗೇತಿ, ಒಮ್ಮೆ ತೆಗೆದು ಒಗದು ಹೊಸದಾಗಿ ಶುರು ಮಾಡೋದs ಚಲೋ ಅಲ್ಲೇನ್ರೀ?” ಎನ್ನುವವರಿದ್ದಾರೆ. ಶುರು ಮಾಡುವುದು ಚಲೋನೇ. ಒಗೆಯುವುದು ಮಾತ್ರ ಚಲೋ ಅಲ್ಲ.

ಏಕೆಂದರೆ ಬಿಟ್ಟುಹೋದ ವಿಳಾಸ ಸುಮ್ಮನೆ ಬಿದ್ದಿರುವುದಿಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರಿನಿಂದ ಆರಂಭಿಸಿದೆ. ಖಾತೆ ಹೋದರೆ ಅದರೊಳಗಿನ ಪತ್ರ, ಫೋಟೊ, ನಂಬರಗಳೂ ಹೋದವು. ಮೊಬೈಲ್ ನಂಬರಿನದ್ದು ಇನ್ನೂ ಸೂಕ್ಷ್ಮ. ಬಂದಾದ ನಂಬರನ್ನು ಕನಿಷ್ಠ 90 ದಿನ ಕಾದು ಬೇರೆಯವರಿಗೆ ಕೊಡಬಹುದು. ಬ್ಯಾಂಕಿಗೆ, ಜಿಎಸ್‌ಟಿಗೆ ನೀವು ಕೊಟ್ಟದ್ದು ಅದೇ ನಂಬರಾಗಿದ್ದರೆ ಒಟಿಪಿ ಯಾರದೋ ಮನೆ ಬಾಗಿಲು ತಟ್ಟೀತು. ಮಾಲು ನಿಮ್ಮದು, ಚಾವಿ ಅವರದು!

ಆದ್ದರಿಂದ ಕ್ರಮ ತಪ್ಪಬಾರದು. ಹೊಸ ಇಮೇಲ್ ತೆರೆದ ದಿನವೇ ಹಳೆಯದನ್ನು ಮುಚ್ಚಬೇಡಿ. ಹಳೆಯದಕ್ಕೆ ಬರುವ ಹೊಸ ಪತ್ರಗಳು ತಾವಾಗಿಯೇ ಹೊಸ ವಿಳಾಸಕ್ಕೆ ಹೋಗುವ ಏರ್ಪಾಡು ಜಿಮೇಲಿನಲ್ಲೇ ಇದೆ; ಅದನ್ನು ಮಾಡಿಕೊಳ್ಳಿ. ಒಂದು ವರ್ಷ ಹಾಗೇ ನಡೆಯಲಿ. ಯಾವ ಬ್ಯಾಂಕು, ಯಾವ ವಿಮೆ, ಯಾವ ಕಚೇರಿಯಿಂದ ಪತ್ರ ಬರುತ್ತದೆಂದು ನೋಡಿ, ಒಂದೊಂದರಲ್ಲೂ ವಿಳಾಸ ಬದಲಿಸುತ್ತ ಬನ್ನಿ.

ನಂಬರ ಪಟ್ಟಿಯನ್ನು ಮೊದಲು ಇಡಿಯಾಗಿ ಒಂದು ಕಡತ ಮಾಡಿ ಬೇರೆ ಕಡೆ ಇರಿಸಿ. ಆಮೇಲೆ ಜರಡಿ ಹಿಡಿಯಿರಿ. ಗೂಗಲ್ ಪಟ್ಟಿಯಿಂದ ಕೈತಪ್ಪಿ ಅಳಿಸಿದ ಹೆಸರು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಅಷ್ಟರೊಳಗೆ ವಾಪಸು ತರಬಹುದು. ಯಾವುದಾದರೂ ಒಂದೇ ಲಿಪಿ ಹಿಡಿದು ಬರೆಯಿರಿ. ಹೆಸರಿನ ಮುಂದೆ ಊರು, ಊರಿನ ಮುಂದೆ ಸಂಬಂಧ ಇರಲಿ: ದಾಳಿಂಬೆ ದಲಾಲ, ಉಳ್ಳಾಗಡ್ಡಿ ಅಡತಿ, ಲಾರಿ ಮಾಲಕ, ಬೀಗರು.

ಐದಾರು ವರ್ಷ ಮಾತಾಡದವರ ಹೆಸರು ಕಂಡಾಗ ಅಳಿಸುವ ಮುನ್ನ ಒಮ್ಮೆ ಫೋನ್ ಹಚ್ಚಿ ನೋಡಿ. ತಂದೆ ತೀರಿಕೊಂಡರೂ ಆ ನಂಬರು ಮಗನ ಕೈಯಲ್ಲಿರಬಹುದು, ತೋಟವೂ ಅವನದೇ ಆಗಿರಬಹುದು. ಇಂಡಿಯಲ್ಲಿ ಕೊಟ್ಟ ಹೆಣ್ಣುಮಗಳ ಮನೆಯವರು, ಅಫಜಲಪುರದ ಹಳೇ ಗಿರಾಕಿ, ಇವರೆಲ್ಲ ಗಡಿಯಾಚೆ ನಮಗಿರುವ ಬೇರುಗಳು. ಯಾವ ಸರ್ಕಾರಿ ದಫ್ತರದಲ್ಲೂ ಈ ನಂಟಿನ ದಾಖಲೆಯಿಲ್ಲ. ಇರುವುದು ನಮ್ಮ ಪಟ್ಟಿಯಲ್ಲಿ ಮಾತ್ರ.

ಹುಡುಗರ ಕೈಗೆ ಫೋನ್ ಕೊಟ್ಟು “ಎಲ್ಲಾ ಸ್ವಚ್ಛ ಮಾಡಪ್ಪಾ” ಎಂದರೆ ಅವರು ನಿಜಕ್ಕೂ ಸ್ವಚ್ಛ ಮಾಡಿಯೇ ಬಿಡುತ್ತಾರೆ. ಪಕ್ಕದಲ್ಲಿ ಕೂತು, ಒಂದೊಂದು ಹೆಸರಿನ ಪರಿಚಯ ಹೇಳಿ ಮಾಡಿಸಿರಿ. ಮನೆತನದ ವ್ಯವಹಾರ ಅವರಿಗೂ ತಿಳಿದಂತಾಗುತ್ತದೆ. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಡಿ. ಫೋನು ನೀರಿಗೆ ಬಿದ್ದರೂ ಸಂಬಂಧ ಮುಳುಗುವುದು ಬೇಡ.