ಜಿಆರ್‌ಇ: ಪದಗಳ ಕಂಠಪಾಠವೊಂದರಿಂದಲೇ ದಡ ಸೇರಲಾದೀತೇ?

ಪದವಿ ಮುಗಿಸಿ ಅಮೆರಿಕದಲ್ಲಿ ಉನ್ನತ ಶಿಕ್ಷಣ ಪಡೆಯಬೇಕೆಂಬ ಹಂಬಲ ಮುಂಬಯಿ, ಪುಣೆಯ ಕನ್ನಡಿಗರ ಮನೆಗಳಲ್ಲಿಯೂ ಈಗ ಅಪರೂಪವಲ್ಲ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಲ್ಲಿ ಕಲಿಯುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3.31 ಲಕ್ಷ ದಾಟಿ, ಭಾರತವು ಚೀನಾವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತ್ತು. ಹೀಗೆ ಹೋಗಬಯಸುವ ಅನೇಕರ ಮೇಜಿನ ಮೇಲೆ ಮೊದಲು ಬಂದು ಕೂರುವುದು ಕಠಿಣ ಇಂಗ್ಲಿಷ್ ಪದಗಳ ದಪ್ಪ ಪಟ್ಟಿ. ದಿನಕ್ಕೆ 50 ಪದ, ಎರಡು ತಿಂಗಳಲ್ಲಿ 3,000 ಪದ ಎಂಬ ಲೆಕ್ಕಾಚಾರ. ಈ ಶ್ರಮ ಇಂದಿನ ಪರೀಕ್ಷೆಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ವಿದ್ಯಾರ್ಥಿಗಳೂ, ಅವರಿಗಾಗಿ ಶುಲ್ಕ ಕಟ್ಟುವ ಪಾಲಕರೂ ಒಮ್ಮೆ ಯೋಚಿಸುವುದು ಒಳ್ಳೆಯದು.

ಪದಪಟ್ಟಿಯ ಮೋಹಕ್ಕೆ ಒಂದು ಹಿನ್ನೆಲೆಯಿದೆ. ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಅಮೆರಿಕದ ಸಂಸ್ಥೆ ನಡೆಸುವ ಜಿಆರ್‌ಇಯಲ್ಲಿ 2011ರ ಆಗಸ್ಟ್‌ವರೆಗೆ ಒಂದು ಪದ ಕೊಟ್ಟು ಅದರ ವಿರುದ್ಧ ಪದ ಕೇಳುವ ಪ್ರಶ್ನೆಗಳಿದ್ದವು. ಎರಡು ಪದಗಳ ಸಂಬಂಧವನ್ನು ಇನ್ನೆರಡು ಪದಗಳಿಗೆ ಹೊಂದಿಸುವ ಪ್ರಶ್ನೆಗಳೂ ಇದ್ದವು. ಪದ ಗೊತ್ತಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ಬ್ಯಾರನ್ಸ್ ಪುಸ್ತಕದ 3,500 ಪದಗಳ ಪಟ್ಟಿಯನ್ನು ಒಂದು ತಲೆಮಾರು ಮಂತ್ರದಂತೆ ಜಪಿಸಿದ್ದು ಈ ಕಾರಣದಿಂದಲೇ.

2011ರ ಪರಿಷ್ಕರಣೆಯಲ್ಲಿ ಈ ಎರಡೂ ಬಗೆಯ ಪ್ರಶ್ನೆಗಳನ್ನು ಕೈಬಿಡಲಾಯಿತು. 200ರಿಂದ 800ರವರೆಗಿದ್ದ ಅಂಕ 130ರಿಂದ 170ಕ್ಕೆ ಬಂತು. 2023ರ ಸೆಪ್ಟೆಂಬರ್‌ನಿಂದ ಇಡೀ ಪರೀಕ್ಷೆಯೇ ಎರಡು ಗಂಟೆಯೊಳಗೆ ಮುಗಿಯುತ್ತದೆ; ಭಾಷಾ ವಿಭಾಗದಲ್ಲಿರುವುದು 27 ಪ್ರಶ್ನೆಗಳು ಮಾತ್ರ. ಪದವಿ ತರಗತಿಗಳ ಪ್ರವೇಶಕ್ಕಿರುವ ಸ್ಯಾಟ್ ಪರೀಕ್ಷೆಯೂ ಇದೇ ದಾರಿ ಹಿಡಿದಿತ್ತು. 2005ರಲ್ಲಿ ಅದು ಪದ ಸಂಬಂಧದ ಪ್ರಶ್ನೆಗಳನ್ನು ತೆಗೆಯಿತು. 2016ರಲ್ಲಿ ಅಪರೂಪದ ಪದಗಳ ಪರೀಕ್ಷೆಯನ್ನೂ ಬಿಟ್ಟಿತು.

ಹಾಗಾದರೆ ಈಗ ಜಿಆರ್‌ಇ ಕೇಳುವುದೇನು? ಒಂದು ಸಣ್ಣ ಪರಿಚ್ಛೇದದಲ್ಲಿ ಒಂದು, ಎರಡು ಅಥವಾ ಮೂರು ಪದಗಳ ಜಾಗ ಖಾಲಿ ಇರುತ್ತದೆ. ಎಲ್ಲವನ್ನೂ ಸರಿಯಾಗಿ ತುಂಬಿದರೆ ಮಾತ್ರ ಅಂಕ. ಮೂರರಲ್ಲಿ ಎರಡು ಸರಿಯಾದರೂ ಅಂಕವಿಲ್ಲ. ಇನ್ನೊಂದು ಬಗೆಯಲ್ಲಿ, ಒಂದೇ ವಾಕ್ಯಕ್ಕೆ ಸಮಾನ ಅರ್ಥ ಕೊಡುವ ಎರಡು ಪದಗಳನ್ನು ಆರರಲ್ಲಿ ಆರಿಸಬೇಕು. ಉಳಿದವು ಗದ್ಯಭಾಗ ಓದಿ ಉತ್ತರಿಸುವಂಥವು. ಇಲ್ಲಿ ವಾಕ್ಯದ ವಾದ ಎತ್ತ ತಿರುಗಿತು ಎಂಬುದನ್ನು ಹಿಡಿಯದವನಿಗೆ ಪದದ ಅರ್ಥ ಗೊತ್ತಿದ್ದೂ ಪ್ರಯೋಜನವಿಲ್ಲ.

ಇನ್ನು ಕೆಲವೊಮ್ಮೆ ಕೈಕೊಡುವುದು ಪರಿಚಿತ ಪದವೇ. ‘ಕ್ವಾಲಿಫೈ’ ಎಂದರೆ ಅರ್ಹತೆ ಪಡೆಯುವುದು ಎಂದು ಎಲ್ಲರಿಗೂ ಗೊತ್ತು. ಆದರೆ ಒಂದು ಹೇಳಿಕೆಯನ್ನು ಕ್ವಾಲಿಫೈ ಮಾಡುವುದೆಂದರೆ ಅದಕ್ಕೆ ಮಿತಿ ಹಾಕುವುದು. ‘ಸ್ಯಾಂಕ್ಷನ್’ ಸಂದರ್ಭಕ್ಕೆ ತಕ್ಕಂತೆ ಮಂಜೂರಾತಿಯೂ ಹೌದು, ನಿರ್ಬಂಧವೂ ಹೌದು. ಒಂದು ಪದಕ್ಕೆ ಒಂದೇ ಅರ್ಥ ಬರೆದುಕೊಂಡ ಪಟ್ಟಿ ಇಂಥಲ್ಲಿ ದಾರಿ ತಪ್ಪಿಸುತ್ತದೆ.

ಪದಗಳನ್ನು ಕಲಿಯುವುದೇ ಬೇಡ ಎಂದಲ್ಲ. ಪದೇ ಪದೇ ಕಾಣಿಸುವ ಕೆಲವು ನೂರು ಪದಗಳು ಬೇಕೇ ಬೇಕು. ಅವನ್ನು ಬಿಡಿಬಿಡಿಯಾಗಿ ಉರು ಹೊಡೆಯುವ ಬದಲು ಕುಟುಂಬವಾಗಿ ನೋಡಿದರೆ ನೆನಪಿನಲ್ಲಿ ಉಳಿಯುತ್ತವೆ. ಕನ್ನಡ ಓದಿದವರಿಗೆ ಈ ವಿದ್ಯೆ ಹೊಸದಲ್ಲ. ‘ವಾಕ್’ ಎಂಬುದರಿಂದ ವಾಗ್ಮಿ, ವಾಚಾಳಿ, ವಾಗ್ವಾದ ಹುಟ್ಟಿದಂತೆ, ಮಾತನಾಡು ಎಂಬರ್ಥದ ಲ್ಯಾಟಿನ್ ಮೂಲದಿಂದ ಎಲೊಕ್ವೆಂಟ್, ಲೊಕ್ವೇಶಸ್, ಕಲೋಕ್ವಿಯಲ್ ಹುಟ್ಟಿವೆ. ಮೊದಲನೆಯವನು ನಮ್ಮ ವಾಗ್ಮಿ, ಎರಡನೆಯವನು ವಾಚಾಳಿ. ಮೂರನೆಯದು ಆಡುಮಾತಿಗೆ ಸಂಬಂಧಿಸಿದ್ದು. ಸುಗುಣ, ದುರ್ಗುಣಗಳಲ್ಲಿ ‘ಸು’, ‘ದುರ್’ ಮಾಡುವ ಕೆಲಸವನ್ನೇ ಅಲ್ಲಿ ‘ಬೆನೆ’, ‘ಮಲೆ’ ಮಾಡುತ್ತವೆ: ಬೆನೆವೊಲೆಂಟ್ ಒಳಿತು ಬಯಸುವವನು, ಮಲೆವೊಲೆಂಟ್ ಕೇಡು ಬಯಸುವವನು.

ಆದ್ದರಿಂದ ಇಂಗ್ಲಿಷ್ ಸುಧಾರಿಸಲೆಂದು ಮನೆಯಲ್ಲಿ ಕನ್ನಡವನ್ನು ದೂರವಿಡುವ ಪಾಲಕರು ಮರುಚಿಂತನೆ ಮಾಡಬೇಕು. ವಾಚಾಳಿಗೂ ವಾಗ್ಮಿಗೂ ಇರುವ ವ್ಯತ್ಯಾಸವನ್ನು ತನ್ನ ನುಡಿಯಲ್ಲಿ ಬಲ್ಲ ಮಗುವಿಗೆ ಅದನ್ನು ಇಂಗ್ಲಿಷಿನಲ್ಲಿ ತಿಳಿಸುವುದು ಸುಲಭ. ಆ ವ್ಯತ್ಯಾಸವೇ ಗೊತ್ತಿಲ್ಲದವರಿಗೆ ಎರಡೂ ಬರೀ ಶಬ್ದ. ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಮುಂದೆ ಇಂಗ್ಲಿಷಿನಲ್ಲಿ ವ್ಯವಹರಿಸಿದ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ಅವರ ಕನ್ನಡ ಅವರಿಗೆ ಅಡ್ಡಿಯಾಗಲಿಲ್ಲ.

ಇನ್ನು ಹಣದ ಮಾತು. ತರಬೇತಿ ವರ್ಗಕ್ಕೆ ಸೇರುವ ಮುನ್ನ, ತಾನು ಬಯಸುವ ವಿಶ್ವವಿದ್ಯಾಲಯ ಜಿಆರ್‌ಇ ಕೇಳುತ್ತದೆಯೇ ಎಂದು ವಿದ್ಯಾರ್ಥಿ ನೋಡಿಕೊಳ್ಳಬೇಕು. 2020ರ ಕೊರೋನಾ ಕಾಲದ ಬಳಿಕ ಅನೇಕ ವಿಭಾಗಗಳು ಅದನ್ನು ಐಚ್ಛಿಕಗೊಳಿಸಿವೆ ಇಲ್ಲವೇ ಕೈಬಿಟ್ಟಿವೆ. ಸಂಸ್ಥೆಯ ಅಧಿಕೃತ ಮಾದರಿ ಪರೀಕ್ಷೆಗಳಲ್ಲಿ ಎರಡು ಉಚಿತವಾಗಿ ಸಿಗುತ್ತವೆ. ಪ್ರಬಂಧದ ವಿಷಯಗಳನ್ನೂ ಅದೇ ಮುಂಚಿತವಾಗಿ ಪ್ರಕಟಿಸಿದೆ. ಮೊದಲು ಒಂದು ಮಾದರಿ ಪರೀಕ್ಷೆ ಬರೆದು ತನ್ನ ಕೊರತೆ ಪದಗಳಲ್ಲೋ ಓದಿನಲ್ಲೋ ಎಂದು ತಿಳಿದುಕೊಂಡರೆ ಅರ್ಧ ಖರ್ಚು ಉಳಿದೀತು. 2025ರ ಮೇ ಕೊನೆಯಲ್ಲಿ ಅಮೆರಿಕವು ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳ ನಿಗದಿಯನ್ನು ಕೆಲವು ವಾರ ತಡೆಹಿಡಿದಾಗ ಎಷ್ಟೋ ಕುಟುಂಬಗಳು ತಳಮಳಗೊಂಡವು. ಇಂಥ ಅನಿಶ್ಚಿತತೆಯ ನಡುವೆ, ಸಾಲ ಮಾಡಿ ಕಳುಹಿಸುವ ಮಧ್ಯಮ ವರ್ಗಕ್ಕೆ ಪ್ರತಿಯೊಂದು ರೂಪಾಯಿಯೂ ಲೆಕ್ಕದ್ದೇ.

ನಮ್ಮ ಸಂಘ-ಸಂಸ್ಥೆಗಳು ವರ್ಷವರ್ಷವೂ ವಿದ್ಯಾರ್ಥಿ ವೇತನ ನೀಡಿ, ಪ್ರತಿಭಾವಂತರನ್ನು ಪುರಸ್ಕರಿಸುತ್ತಿರುವುದು ಶ್ಲಾಘನೀಯ. ಅದರ ಜೊತೆಗೆ, ಈ ಪರೀಕ್ಷೆ ಬರೆದ ಯುವಕ-ಯುವತಿಯರನ್ನು ಕರೆಸಿ, ಸಂಘದ ಸಭಾಗೃಹದಲ್ಲಿ ಭಾನುವಾರಕ್ಕೊಮ್ಮೆ ಎರಡು ತಾಸು ಒಳ್ಳೆಯ ಇಂಗ್ಲಿಷ್ ಲೇಖನವೊಂದನ್ನು ಕೂಡಿ ಓದುವ, ಅದನ್ನು ಕನ್ನಡದಲ್ಲಿ ಚರ್ಚಿಸುವ ಏರ್ಪಾಡು ಮಾಡಬಹುದು. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಎರಡು ತಿಂಗಳ ಉರುಹೊಡೆತ ಪರೀಕ್ಷೆಯ ಮರುದಿನವೇ ಮರೆತುಹೋದೀತು. ಓದುವ ಅಭ್ಯಾಸ ಮಾತ್ರ ಅಮೆರಿಕಕ್ಕೆ ಹೋದರೂ ಹೋಗದಿದ್ದರೂ ಮಕ್ಕಳ ಕೈ ಬಿಡದು.