ಬಿಸ್ಕತ್ತಿನ ಭೂತಗಳು

ಅಕ್ಟೋಬರ್ 31, ಹ್ಯಾಲೊವೀನ್. ಅಂದು ಸಂಜೆ ಅಮೆರಿಕದ ಮಕ್ಕಳು ಭೂತ, ಮಾಟಗಾತಿಯರ ವೇಷ ತೊಟ್ಟು ಮನೆಮನೆಯ ಬಾಗಿಲು ತಟ್ಟಿ ಸಿಹಿ ಕೇಳುವರು. ಹಿಂದೆ ಇಂಗ್ಲೆಂಡಿನಲ್ಲಿ, ಮೃತರಿಗಾಗಿ ಪ್ರಾರ್ಥಿಸುವೆನೆಂದು ಬಂದವರಿಗೆ ‘ಸೋಲ್ ಕೇಕ್’ ಕೊಡುತ್ತಿದ್ದರು. ಈಗ ಅಪರಿಚಿತರು ಕೊಟ್ಟದ್ದರಲ್ಲಿ ಕಾರ್ಖಾನೆಯ ಪೊಟ್ಟಣವನ್ನಲ್ಲದೆ ಬೇರೇನನ್ನೂ ಅನೇಕ ತಾಯಂದಿರು ತಿನ್ನಗೊಡರು. ಹೀಗಾಗಿ ಕೈಯಾರೆ ಮಾಡಿದ ಬಿಸ್ಕತ್ತು ಮನೆಯೊಳಗಿನ ಸಂಭ್ರಮವಾಗಿದೆ.

ಅದನ್ನು ಮಕ್ಕಳ ಕೈಯಿಂದಲೇ ಮಾಡಿಸುವುದು ಲೇಸು. 225 ಗ್ರಾಂ ಬೆಣ್ಣೆಯನ್ನು 200 ಗ್ರಾಂ ಸಕ್ಕರೆಯೊಡನೆ ಹಗುರಾಗುವಂತೆ ತಿರುವಿ, ಒಂದು ಮೊಟ್ಟೆ, ಚಿಟಿಕೆ ಉಪ್ಪು, 360 ಗ್ರಾಂ ಮೈದಾ ಕೂಡಿಸಿ ಕಲಸಿರಿ. ಈ ಕಣಕ ಒಂದು ಗಂಟೆ ಫ್ರಿಜ್ಜಿನಲ್ಲಿರಲಿ. ಮಕ್ಕಳಿಗೆ ಅದೊಂದು ಯುಗ, ಆದರೂ ಬಿಡಬಾರದು. ಬೆಣ್ಣೆ ಗಟ್ಟಿಯಾಗದಿದ್ದರೆ ಓವನ್ನಿನಲ್ಲಿ ಬಾವಲಿಯ ರೆಕ್ಕೆ ಹರಡಿ ಬಾತುಕೋಳಿಯಾದೀತು! ಬಳಿಕ ಕಾಲಂಗುಲ ದಪ್ಪಕ್ಕೆ ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿರಿ. ಟ್ಯೂಲಿಪ್ ಹೂವಿನ ಅಚ್ಚನ್ನು ತಲೆಕೆಳಗು ಮಾಡಿದರೆ ಅದೇ ಭೂತ. 175 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 10 ನಿಮಿಷ ಬೇಯಿಸಿ, ಆರಿದ ಮೇಲೆ ಸಕ್ಕರೆಪುಡಿಯನ್ನು ಹಾಲಿನಲ್ಲಿ ಮಂದವಾಗಿ ಕದಡಿ ಬಳಿಯಿರಿ.

ಹಸಿ ಕಣಕವನ್ನು ನೆಕ್ಕುವ ಆಸೆ ಮಕ್ಕಳಿಗೆ ಸಹಜ. ಹಸಿ ಮೊಟ್ಟೆಯ ಅಪಾಯವನ್ನು ಬಲ್ಲವರುಂಟು, ಹಸಿ ಮೈದಾದ್ದನ್ನು ಬಲ್ಲವರು ವಿರಳ. 2016ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಇ. ಕೋಲಿ ಸೋಂಕು ಹರಡಿದ್ದು ಹಸಿ ಹಿಟ್ಟಿನಿಂದಲೇ. ಆ ಪುಟ್ಟ ಬೆರಳನ್ನು ಸಕ್ಕರೆಪಾಕದ ಬಟ್ಟಲಿನತ್ತ ತಿರುಗಿಸಿರಿ. ಅದರಲ್ಲಿ ಮೈದಾವೂ ಇಲ್ಲ, ಮೊಟ್ಟೆಯೂ ಇಲ್ಲ. ಪಾಕ ಒಣಗುವ ಮುನ್ನ ಒಣದ್ರಾಕ್ಷಿಯ ಕಣ್ಣಿಡುವ ಕೆಲಸ ಎಲ್ಲರಿಗಿಂತ ಚಿಕ್ಕವರದು. ಭೂತಕ್ಕೆ ಮೂರು ಕಣ್ಣಾದರೆ ಆಗಲಿ, ತಿದ್ದಬೇಡಿರಿ.