ಸಹಿ ಹಾಕುವ ಮುನ್ನ ಕಾಲುವೆ ನೋಡಿ

ಬೆಂಗಳೂರಿನ ಕೆರೆಗಳ ಸುತ್ತ ಏನನ್ನೂ ಕಟ್ಟದೆ 75 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು, ನಗರದ ಮಹಾಯೋಜನೆಯ 30 ಮೀಟರೇ ಉಳಿಯಿತು. ಈ ಜಗ್ಗಾಟದಲ್ಲಿ ಮರೆತುಹೋದದ್ದು ಮಳೆನೀರನ್ನು ಕೆರೆಗೆ ಒಯ್ಯುವ ರಾಜಕಾಲುವೆ. 2022ರ ಸೆಪ್ಟೆಂಬರಿನ ನೆರೆಯಲ್ಲಿ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರಲ್ಲ, ನೀರು ತನ್ನ ಹಳೆಯ ದಾರಿ ಹುಡುಕಿಕೊಂಡಿತ್ತು, ಅಷ್ಟೆ. ನಗರ ಬೆಳೆಯುವುದು ಬೇಡವೆನ್ನಲಾಗದು. ಆದರೆ ಕಟ್ಟಡದ ನಕ್ಷೆ ಮಂಜೂರು ಮಾಡುವ ಮುನ್ನ ಕಂದಾಯ ಇಲಾಖೆಯ ಗ್ರಾಮ ನಕಾಶೆಯನ್ನು ಪಕ್ಕದಲ್ಲಿಟ್ಟುಕೊಳ್ಳಲಿ. ಸರ್ವೆಯರ್ ಸ್ಥಳಕ್ಕೆ ಹೋಗಿ ಕಲ್ಲು ನೆಟ್ಟು ಕಾಲುವೆಯ ಗಡಿ ತೋರಿಸಲಿ. ಕಟ್ಟಡ ಎದ್ದ ಮೇಲೆ ಒತ್ತುವರಿ ತೆರವಿಗೆ ಜೆಸಿಬಿ ಬಂದರೆ ಬೀದಿಗೆ ಬೀಳುವವರು ಸಾಲ ಮಾಡಿ ಫ್ಲ್ಯಾಟ್ ಕೊಂಡವರು, ಸಹಿ ಹಾಕಿದ ಅಧಿಕಾರಿಯಲ್ಲ. ಆ ಅಧಿಕಾರಿಯ ಹೆಸರೂ ಹುದ್ದೆಯೂ ಮಂಜೂರಾತಿ ಪತ್ರದ ಜತೆಗೇ ಪ್ರಕಟವಾಗಲಿ.